ಪತ್ರಗಳೂ ಆಕರವೇ: ಮೇಲಿಂಗ್ ಲಿಸ್ಟ್‌ಗಳನ್ನು ಕಾಪಿಟ್ಟವರ ಕಥೆ

ಓಪನ್ ಸೋರ್ಸ್ ಚರಿತ್ರೆ ಬರೆಯುವವರು ಈಚೆಗೆ ಗಿಟ್ ಭಂಡಾರವೊಂದನ್ನು ತೆರೆದು, ಬೇಕಾದದ್ದೆಲ್ಲ ಇಲ್ಲಿದೆ ಎನ್ನುತ್ತಾರೆ. ಅಲ್ಲಿರುವುದು ಒಪ್ಪಿಗೆ ಪಡೆದ ಸಾಲುಗಳು ಮಾತ್ರ. ತಿರಸ್ಕೃತ ಪ್ಯಾಚ್, ಅದು ಏಕೆ ಬೇಡವೆಂಬ ವಾದ, ತಿದ್ದಿ ತಿದ್ದಿ ಕಳಿಸಿದ ಕರಡುಗಳು ಇರುವುದು ಮೇಲಿಂಗ್ ಲಿಸ್ಟ್‌ನ ಪತ್ರಗಳಲ್ಲಿ. ಅವು ಉಳಿದುಬಂದ ಬಗೆಯನ್ನು ಬರೆದಿಟ್ಟವರು ಕಡಿಮೆ.

ಮೊದಲ ಘಟ್ಟ ಚರ್ಚಾಜಾಲವಾದ ಯೂಸ್‌ನೆಟ್‌ನದು. 1980ರ ದಶಕದಲ್ಲಿ ಸಂದೇಶಗಳು ಯಂತ್ರದಿಂದ ಯಂತ್ರಕ್ಕೆ ಹರಡುತ್ತಿದ್ದವು. ಡಿಸ್ಕ್ ದುಬಾರಿಯಾದ್ದರಿಂದ ಹಳೆಯವನ್ನು ಅಳಿಸುತ್ತಿದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ ಮಾತ್ರ 1981ರಿಂದ ಟೇಪುಗಳಿಗೆ ಇಳಿಸಿಡುತ್ತಾ ಬಂದರು. 1995ರಲ್ಲಿ ಯೂಸ್‌ನೆಟ್ ಹುಡುಕುತಾಣವಾಗಿ ಶುರುವಾದ ಡೆಜಾ ನ್ಯೂಸ್‌ನ ಸಂಗ್ರಹವನ್ನು ಗೂಗಲ್ 2001ರಲ್ಲಿ ಕೊಂಡಿತು. ಮೊದಲ ದಶಕದ ಬಹುಭಾಗವನ್ನು ತುಂಬಿಕೊಟ್ಟದ್ದು ಸ್ಪೆನ್ಸರರ ಟೇಪುಗಳೇ. 2024ರ ಫೆಬ್ರವರಿಯಲ್ಲಿ ಗೂಗಲ್ ಹೊಸ ಯೂಸ್‌ನೆಟ್ ಸಂದೇಶಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಇದರಲ್ಲಿ ಅಚ್ಚರಿಯೇನಿಲ್ಲ, ಉಳಿಸುವುದು ಕಂಪನಿಯ ಕಸುಬಲ್ಲ.

1992ರ ಮೇಜರ್‌ಡೊಮೊ, ಅನಂತರದ ಮೇಲ್‌ಮನ್ ಎಂಬ ಲಿಸ್ಟ್ ನಡೆಸುವ ತಂತ್ರಾಂಶಗಳು ಬಂದಮೇಲೆ ಯೋಜನೆಗಳು ತಮ್ಮ ತಮ್ಮ ಸರ್ವರ್‌ನಲ್ಲೇ ಪತ್ರಗಳನ್ನಿಟ್ಟುಕೊಂಡವು. ಸರ್ವರ್ ಹೋದರೆ ನೆನಪೂ ಹೋಯಿತು.

ನಮ್ಮ ಪೀಳಿಗೆಯನ್ನು ಬೆಳೆಸಿದ್ದು ಜಿಮೇನ್. ನಾರ್ವೆಯ ಲಾರ್ಸ್ ಮಾಗ್ನೆ ಇಂಗೆಬ್ರಿಗ್ಟ್‌ಸೆನ್ 2002ರಲ್ಲಿ ಕಟ್ಟಿದ ಈ ಸೇವೆ ಸಾವಿರಾರು ಲಿಸ್ಟ್‌ಗಳನ್ನು ಒಂದೇ ಕಡೆ ಓದಲು ಕೊಟ್ಟಿತು. ಅದರ ಮೇಲೆ ನಮಗೆ ಎಷ್ಟು ನೆಚ್ಚಿಕೆಯೆಂದರೆ, ಗಿಟ್ ಯೋಜನೆಯ ಕಮಿಟ್ ಟಿಪ್ಪಣಿಗಳಲ್ಲೇ ಜಿಮೇನ್‌ನ ಕ್ರಮಸಂಖ್ಯೆಗಳನ್ನು ಬರೆಯುತ್ತಿದ್ದರು. 2016ರಲ್ಲಿ ಅದರ ವೆಬ್ ಪುಟಗಳು ಮುಚ್ಚಿದವು. ಆ ಸಂಖ್ಯೆಗಳನ್ನು ಹಿಡಿದು ವೆಬ್‌ನಲ್ಲಿ ಪತ್ರ ತಲುಪುವ ದಾರಿ ತಪ್ಪಿತು. ಒಬ್ಬ ವ್ಯಕ್ತಿ ಅಷ್ಟು ವರ್ಷ ಹೊತ್ತ ಭಾರಕ್ಕೆ ನಾವು ಕೃತಜ್ಞರಾಗಿರಬೇಕು. ತಪ್ಪು ಇದ್ದದ್ದು ಆ ಭಾರವನ್ನು ಒಂದೇ ಹೆಗಲಿಗೆ ಬಿಟ್ಟ ವ್ಯವಸ್ಥೆಯಲ್ಲಿ.

ಈ ಪಾಠವನ್ನು ಸರಿಯಾಗಿ ಅರಗಿಸಿಕೊಂಡವರು ಎರಿಕ್ ವಾಂಗ್. ಅವರ ಪಬ್ಲಿಕ್-ಇನ್‌ಬಾಕ್ಸ್ ತಂತ್ರಾಂಶ ಪತ್ರಗಳನ್ನು ಗಿಟ್ ಭಂಡಾರದಲ್ಲೇ ಇಡುತ್ತದೆ. ಹೀಗಾಗಿ ಇಡೀ ಸಂಗ್ರಹವನ್ನು ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬಹುದು, ಮುಂದೆ ಹೊಸ ಪತ್ರಗಳನ್ನಷ್ಟೇ ಸೇರಿಸಿಕೊಳ್ಳಬಹುದು. 2018ರ ಎರಡನೆಯ ರೂಪದಲ್ಲಿ ದೊಡ್ಡ ಲಿಸ್ಟ್‌ಗಳನ್ನು ಸುಮಾರು ಒಂದೊಂದು ಗಿಗಾಬೈಟ್‌ನ ಕಂತುಗಳಾಗಿ ಒಡೆದರು. ಪತ್ರದ ವಿಳಾಸಕ್ಕೆ ಸೈಟಿನ ಕ್ರಮಸಂಖ್ಯೆಯ ಬದಲು ಪತ್ರದೊಡನೆಯೇ ಹುಟ್ಟಿಬರುವ ಮೆಸೇಜ್-ಐಡಿ ಆಧಾರ. ಸೈಟು ಮುಚ್ಚಿದರೂ, ಪ್ರತಿ ಇರುವವರು ಅದೇ ಗುರುತಿನಿಂದ ಪತ್ರವನ್ನು ಹುಡುಕಿಕೊಡಬಲ್ಲರು. ಇಷ್ಟು ದಿನದ ಪ್ರಯತ್ನಗಳಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ಅದೇ ವರ್ಷ ಲಿನಕ್ಸ್ ಕರ್ನಲ್ ಸಮುದಾಯ ಇದೇ ತಂತ್ರಾಂಶದಿಂದ 'ಲೋರ್' ಎಂಬ ಸಂಗ್ರಹತಾಣ ಆರಂಭಿಸಿತು. ಅದಕ್ಕೆ ಹಳೆಯ ಪತ್ರಗಳನ್ನು ಜೋಡಿಸಿದ್ದು ಹಲವರು ತಮ್ಮ ಖಾಸಗಿ ಪೆಟ್ಟಿಗೆಗಳಲ್ಲಿ ಉಳಿಸಿಕೊಂಡಿದ್ದ ಪ್ರತಿಗಳಿಂದ. ಸ್ಪೆನ್ಸರರ ಟೇಪುಗಳ ಕಥೆಯೇ ಮತ್ತೆ ನಡೆಯಿತು.

ಆದರೂ ಕೊರತೆಗಳಿವೆ. ಇಂದು ಕರ್ನಲ್‌ನ ಕಮಿಟ್‌ಗಳು ಹೆಚ್ಚಾಗಿ ಲೋರ್‌ನ ವಿಳಾಸವನ್ನೇ ತೋರಿಸುತ್ತವೆ. ಸುಲಭವಾದ್ದರಿಂದ ಎಲ್ಲರೂ ಅಲ್ಲೇ ಓದುತ್ತಾರೆ. ನಕಲು ಮಾಡಲು ಬರುತ್ತದೆ ಎಂದಮಾತ್ರಕ್ಕೆ ನಕಲು ಆಗಿದೆ ಎಂದಲ್ಲ. 2008ರಿಂದೀಚೆಗೆ ಗಿಟ್‌ಹಬ್‌ಗೆ ಹೋದ ಯೋಜನೆಗಳ ಸ್ಥಿತಿ ಇನ್ನೂ ಚಿಂತಾಜನಕ: ಭಂಡಾರವನ್ನು ಇಳಿಸಿಕೊಂಡರೆ ಕೋಡ್ ಬರುತ್ತದೆ, ಪುಲ್ ರಿಕ್ವೆಸ್ಟ್‌ನ ಕೆಳಗಿನ ವಾದ ಬರುವುದಿಲ್ಲ. ಸಣ್ಣ ಭಾಷೆಗಳ ಅನುವಾದ ತಂಡಗಳ ಲಿಸ್ಟ್‌ಗಳಿಗೆ ಕರ್ನಲ್‌ಗಿರುವಂಥ ಸಂಸ್ಥೆಯ ಬೆಂಬಲವೂ ಇಲ್ಲ. ಹಂಚಿಹೋದ ಪ್ರತಿಗಳಿಂದ ತಮ್ಮ ಹೆಸರು ತೆಗೆಯಿರಿ ಎನ್ನುವವರಿಗೆ ಉತ್ತರಿಸುವ ಕ್ರಮವನ್ನೂ ನಾವು ರೂಪಿಸಬೇಕಾಗಿದೆ.

ಇವಕ್ಕೆಲ್ಲ ಇನ್ನೊಂದು ಮಹಾಭಂಡಾರ ಪರಿಹಾರವಲ್ಲ. ಪ್ರತಿ ಯೋಜನೆಯೂ ತನ್ನ ಚರ್ಚೆಯನ್ನು ಪೂರ್ತಿಯಾಗಿ ಇಳಿಸಿಕೊಳ್ಳುವಂತೆ ತೆರೆದಿಡಲಿ. ಆ ಯೋಜನೆಯನ್ನು ಬಳಸುವ ವಿಶ್ವವಿದ್ಯಾಲಯ, ಕಂಪನಿ, ಬಳಕೆದಾರರ ಬಳಗಗಳಲ್ಲಿ ಕೆಲವಾದರೂ ತಾವಾಗಿ ಒಂದೊಂದು ಪ್ರತಿಯನ್ನು ನಡೆಸಲಿ. ತಂತ್ರ ಕೈಯಲ್ಲಿದೆ, ಡಿಸ್ಕ್ ಅಗ್ಗವಾಗಿದೆ; ಈಗ ಬೇಕಾಗಿರುವುದು ಹೊಣೆ ಹೊರುವ ಜನ.