ಭೀಮಸೇನ ಜೋಶಿಯವರ ಜನಪ್ರಿಯ ದಾಸವಾಣಿ ಮತ್ತು ಎಡೆದೊರೆ ನಾಡಿನ ದಾಸರು

ಪಂಡಿತ ಭೀಮಸೇನ ಜೋಶಿ (1922–2011) ಅವರು ಆರು ದಶಕಗಳಿಗೂ ಮೀರಿದ ಗಾಯನ ಜೀವನದಲ್ಲಿ ಹಾಡಿದ ಕನ್ನಡ ಹರಿದಾಸರ ಪದಗಳಿಗೆ ‘ದಾಸವಾಣಿ’ ಎಂಬ ಹೆಸರು ರೂಢಿಯಲ್ಲಿದೆ. ಖಯಾಲ್ ಗಾಯನಕ್ಕೆ ಕಿವಿಗೊಡುವವರು ಕೆಲವರು. ರಾಗದ ಹೆಸರನ್ನೇ ಅರಿಯದ ಮನೆಗಳಿಗೂ ಅವರ ಕಂಠವನ್ನು ತಲುಪಿಸಿದವು ಈ ಪದಗಳು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದವು ಪುರಂದರದಾಸರ ರಚನೆಗಳು. ಆದರೆ ದಾಸ ಪರಂಪರೆಯು ಹದಿನೆಂಟನೆಯ ಶತಮಾನದಲ್ಲಿ ಮರಳಿ ಚಿಗುರಿದ್ದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ, ಅಂದರೆ ಇಂದಿನ ರಾಯಚೂರು ಜಿಲ್ಲೆಯ ಸೀಮೆಯಲ್ಲಿ. ಜೋಶಿಯವರ ಜನಪ್ರಿಯ ಪದಗಳೊಂದಿಗೆ ಈ ನೆಲದ ದಾಸರನ್ನೂ ಪರಿಚಯಿಸುವುದು ಇಲ್ಲಿನ ಉದ್ದೇಶ.

ಗಾಯಕರ ಹಿನ್ನೆಲೆ

ಜೋಶಿಯವರು 1922ರ ಫೆಬ್ರುವರಿ 4ರಂದು ಗದಗಿನಲ್ಲಿ ಜನಿಸಿದರು. ತಂದೆ ಗುರುರಾಜ ಜೋಶಿ ಶಿಕ್ಷಕರು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಮರುಳಾದ ಬಾಲಕ, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದನು. ಕೊನೆಗೆ ಗುರು ದೊರೆತದ್ದು ಊರಿನ ಸಮೀಪದ ಕುಂದಗೋಳದಲ್ಲಿ. 1936ರಿಂದ ಸವಾಯಿ ಗಂಧರ್ವರಲ್ಲಿ ಶಿಕ್ಷಣ ಆರಂಭವಾಯಿತು. 1941ರಲ್ಲಿ ಮೊದಲ ಕಛೇರಿ, ಮರುವರ್ಷ ಎಚ್‌ಎಂವಿ ಸಂಸ್ಥೆಯಿಂದ ಮೊದಲ ಧ್ವನಿಮುದ್ರಿಕೆ. 2007ರವರೆಗೂ ಅವರು ವೇದಿಕೆಯೇರಿದರು. 2005ರಲ್ಲಿ ಕರ್ನಾಟಕ ರತ್ನ ಹಾಗೂ 2008ರಲ್ಲಿ ಭಾರತ ರತ್ನ ಗೌರವಗಳು ಅವರಿಗೆ ಸಂದವು. 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಮರಾಠಿ ಶ್ರೋತೃಗಳಿಗೆ ಅಭಂಗಗಳ ‘ಸಂತವಾಣಿ’ ಹೇಗೋ ಕನ್ನಡಿಗರಿಗೆ ‘ದಾಸವಾಣಿ’ ಹಾಗೆ.

ಪ್ರಸಿದ್ಧ ಪದಗಳು

ಭಾಗ್ಯದ ಲಕ್ಷ್ಮೀ ಬಾರಮ್ಮ: ರಚನೆ ಪುರಂದರದಾಸರದು. ಶುಕ್ರವಾರದ ಪೂಜೆಯ ಹೊತ್ತಿಗೆ ಲಕ್ಷ್ಮಿಯನ್ನು ಮನೆಗೆ ಕರೆಯುವ ಪದ. ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಇದನ್ನು ಸಾಮಾನ್ಯವಾಗಿ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. ಜೋಶಿಯವರು ಇದಕ್ಕೆ ಹಿಂದುಸ್ತಾನಿ ಪದ್ಧತಿಯ ಉಡುಗೆ ತೊಡಿಸಿದರು. ಶಂಕರನಾಗ್ ನಿರ್ದೇಶನದ ‘ನೋಡಿ ಸ್ವಾಮಿ ನಾವಿರೋದು ಹೀಗೆ’ (1983) ಚಿತ್ರದಲ್ಲಿಯೂ ಅವರದೇ ಕಂಠವಿದೆ.

ಯಾದವ ನೀ ಬಾ: ಇದೂ ಪುರಂದರದಾಸರದೇ. ಕೃಷ್ಣನನ್ನು ಮತ್ತೆ ಮತ್ತೆ ಕರೆಯುವ ಸರಳವಾದ ಪದ. ಕರೆಯುವ ಒಂದೇ ಮಾತನ್ನು ಪ್ರತಿಸಲವೂ ಬೇರೆ ಬೇರೆ ಸ್ವರಗಳಿಂದ ಎತ್ತಿಕೊಳ್ಳಲು ಇಲ್ಲಿ ಗಾಯಕನಿಗೆ ವಿಪುಲವಾದ ಅವಕಾಶವಿದೆ.

ಸದಾ ಎನ್ನ ಹೃದಯದಲ್ಲಿ: ಹರಿಯು ಹೃದಯದಲ್ಲಿ ನೆಲೆಸಲಿ ಎಂಬ ಪ್ರಾರ್ಥನೆ. ಇದು ಪುರಂದರದಾಸರದಲ್ಲ, ರಾಯಚೂರು ಸೀಮೆಯ ವಿಜಯದಾಸರ ರಚನೆ.

ನಂಬಿದೆ ನಿನ್ನ ನಾದದೇವತೆಯೇ: ಇದು ದಾಸರ ಪದವಲ್ಲ, ಚಿತ್ರಗೀತೆ. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ ಡಾ. ರಾಜಕುಮಾರ್ ಅಭಿನಯಿಸಿದ ‘ಸಂಧ್ಯಾರಾಗ’ (1966) ಚಿತ್ರದ್ದು. ಜೋಶಿಯವರ ಕನ್ನಡ ಹಾಡುಗಳ ಯಾವ ಪಟ್ಟಿಯೂ ಇದನ್ನು ಬಿಟ್ಟರೆ ಪೂರ್ಣವಾಗದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಯಲ್ಲಿ

ಮೇಲಿನ ಪಟ್ಟಿಯ ಮೂರನೆಯ ಪದದ ಜಾಡು ಹಿಡಿದರೆ ಸಿಗುವುದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ತುಂಗಭದ್ರೆಯ ದಡದ ಈ ಗ್ರಾಮದಲ್ಲಿ 1682ರಲ್ಲಿ ವಿಜಯದಾಸರು ಜನಿಸಿದರು. ಕಡುಬಡತನದಲ್ಲಿ ಬೆಳೆದು ಕಾಶಿಗೆ ಹೋಗಿದ್ದ ಅವರಿಗೆ ಪುರಂದರದಾಸರು ಕನಸಿನಲ್ಲಿ ‘ವಿಜಯವಿಠಲ’ ಎಂಬ ಅಂಕಿತ ನೀಡಿದರೆಂಬುದು ಸಂಪ್ರದಾಯದ ನಂಬಿಕೆ. ಅವರ ಶಿಷ್ಯರು ಮೊಸರಕಲ್ಲಿನ ಗೋಪಾಲದಾಸರು. ಗೋಪಾಲದಾಸರಿಂದ ಅಂಕಿತ ಪಡೆದವರು, ಮಾನ್ವಿ ಸಮೀಪದ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಜಗನ್ನಾಥದಾಸರು. ಭಾಮಿನಿ ಷಟ್ಪದಿಯ 32 ಸಂಧಿಗಳಲ್ಲಿ ಅವರು ರಚಿಸಿದ ‘ಹರಿಕಥಾಮೃತಸಾರ’ ಇಂದಿಗೂ ಅನೇಕ ಮನೆಗಳಲ್ಲಿ ಪಾರಾಯಣಗೊಳ್ಳುತ್ತದೆ. 

ಮಾನ್ವಿಯಿಂದ ಹೊರಟು ಸಿಂಧನೂರಿಗೆ ಬಂದು, ಅಲ್ಲಿಂದ ಮಸ್ಕಿಯ ಮೇಲೆ ಸಾಗಿದರೆ ಲಿಂಗಸುಗೂರು. ಅಲ್ಲಿನ ಪ್ರಾಣೇಶದಾಸರು ಜಗನ್ನಾಥದಾಸರ ಶಿಷ್ಯರು. ಚೀಕಲಪರ್ವಿಯಲ್ಲಿ ಚಿಗುರಿದ ಪರಂಪರೆ ಹೀಗೆ ನಾಲ್ಕನೆಯ ತಲೆಮಾರಿಗೆ ಲಿಂಗಸುಗೂರನ್ನು ಮುಟ್ಟಿತು. ಸರ್ಕಾರಿ ಬಸ್ಸಿನಲ್ಲಿ ಒಂದೇ ದಿನದಲ್ಲಿ ಕ್ರಮಿಸಬಹುದಾದ ಈ ದಾರಿ, ಕನ್ನಡ ದಾಸಸಾಹಿತ್ಯದ ಶತಮಾನಕ್ಕೂ ಹೆಚ್ಚಿನ ಇತಿಹಾಸವನ್ನು ಒಳಗೊಂಡಿದೆ.

ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಜೋಶಿಯವರ ಗದಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎರಡೂ ಒಂದೇ ರಾಜ್ಯದ ಭಾಗವಾದದ್ದು 1956ರಲ್ಲಿ. ಪದಗಳಿಗೆ ಮಾತ್ರ ಈ ಗಡಿಗಳು ಅಡ್ಡಿಯಾಗಲಿಲ್ಲ.

ಜನಪ್ರಿಯತೆಯ ಮಿತಿ

ಇಷ್ಟು ಸಮೃದ್ಧವಾದ ರಾಶಿಯಿಂದ ಜನಪ್ರಿಯ ಧ್ವನಿಮುದ್ರಿಕೆಗಳಿಗೆ ಬಂದದ್ದು ಅಲ್ಪವೇಕೆ? ಕಾರಣದ ಒಂದು ಭಾಗ ರಚನೆಗಳ ಸ್ವರೂಪದಲ್ಲಿಯೇ ಇದೆ. ವಿಜಯದಾಸರ ಹೆಗ್ಗಳಿಕೆ ಸುಳಾದಿಗಳು. ಸುಳಾದಿಯಲ್ಲಿ ಒಂದೊಂದು ನುಡಿಗೆ ಒಂದೊಂದು ತಾಳ. ಅದು ತತ್ತ್ವವನ್ನು ಹಂತಹಂತವಾಗಿ ವಿವರಿಸುತ್ತ ದೀರ್ಘವಾಗಿ ಸಾಗುತ್ತದೆ. ಹಳೆಯ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದಷ್ಟು ಹಾಡು. ‘ಹರಿಕಥಾಮೃತಸಾರ’ವಂತೂ ಮನೆಮಂದಿ ಕೂಡಿ ದಿನಗಟ್ಟಲೆ ಓದುವ ಗ್ರಂಥ. ಜಗನ್ನಾಥದಾಸರ ‘ತತ್ತ್ವಸುವ್ವಾಲಿ’ ಹೆಂಗಳೆಯರ ಸುವ್ವಾಲಿ ಮಟ್ಟಿನ ತ್ರಿಪದಿಗಳಲ್ಲಿದೆ. ಅದರ ಸಹಜ ವೇದಿಕೆ ಮನೆಯ ಪಡಸಾಲೆ. ಪಲ್ಲವಿ ಪುಟ್ಟದಾಗಿದ್ದು, ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುವ ಪುರಂದರದಾಸರ ಪದಗಳು ಕಛೇರಿಗೂ ಕ್ಯಾಸೆಟ್ಟಿಗೂ ಸುಲಭವಾಗಿ ಹೊಂದಿಕೊಂಡವು. ಜನಪ್ರಿಯತೆಯ ಪಟ್ಟಿಯೊಂದೇ ಪರಂಪರೆಯ ಅಳತೆಗೋಲು ಆಗಲಾರದೆಂಬುದಕ್ಕೆ ಇದು ನಿದರ್ಶನ.

ಅಂಕಿತ ಮತ್ತು ಮಸ್ಕಿಯ ಶಾಸನ

ದಾಸರ ಪದದ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಅದು ರಚನಕಾರರ ಸಹಿ ಮಾತ್ರವಲ್ಲ, ಗುರುವಿನಿಂದ ಶಿಷ್ಯನಿಗೆ ಬಂದ ದೀಕ್ಷೆಯ ಗುರುತೂ ಹೌದು. ಸಮಯದ ಅಭಾವದಿಂದ ಎರಡು ನುಡಿ ಹಾಡಿ ಮುಗಿಸಿದಾಗ ಮೊದಲು ಕಳೆದುಹೋಗುವುದು ಈ ಗುರುತು. ಬಳಿಕ ಯಾರ ಪದವಾದರೂ ಕೇಳುಗರ ಬಾಯಲ್ಲಿ ‘ಪುರಂದರದಾಸರದು’ ಆಗಿಬಿಡುತ್ತದೆ. ಇದು ಪುರಂದರದಾಸರ ಕೀರ್ತಿಗೆ ಸಾಕ್ಷಿ. ಜೊತೆಗೆ ಚೀಕಲಪರ್ವಿ, ಮೊಸರಕಲ್ಲು, ಲಿಂಗಸುಗೂರುಗಳಿಗೆ ಆಗುವ ನಷ್ಟ.

ಹೆಸರು ಉಳಿಯುವುದರ ಬೆಲೆಯನ್ನು ಇದೇ ದಾರಿಯ ಮಸ್ಕಿ ಬಲ್ಲದು. 1915ರಲ್ಲಿ ಚಿನ್ನದ ನಿಕ್ಷೇಪದ ಶೋಧದಲ್ಲಿದ್ದ ಎಂಜಿನಿಯರ್ ಸಿ. ಬೀಡನ್ ಅವರು ಅಲ್ಲಿ ಬಂಡೆಯ ಮೇಲಿನ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಆ ಒಂದು ಹೆಸರಿನಿಂದ, ಉಳಿದ ಶಾಸನಗಳ ಒಡೆಯನೂ ಅಶೋಕನೇ ಎಂಬ ವಿದ್ವಾಂಸರ ಅಭಿಪ್ರಾಯ ದೃಢಪಟ್ಟಿತು. ಪದದ ಕೊನೆಯ ನುಡಿಯಲ್ಲಿರುವ ಅಂಕಿತವೂ ಇಂಥದೇ ಕೆಲಸ ಮಾಡುತ್ತದೆ. ವ್ಯತ್ಯಾಸವಿಷ್ಟೇ: ಬಂಡೆಯ ಅಕ್ಷರ ಯಾರೂ ಓದದಿದ್ದರೂ ಉಳಿಯಿತು, ಅಂಕಿತವಾದರೋ ಹಾಡಿದರಷ್ಟೇ ಉಳಿಯುತ್ತದೆ.

ಆದ್ದರಿಂದ ದಾಸವಾಣಿಯ ಕಾರ್ಯಕ್ರಮ ಏರ್ಪಡಿಸುವವರು ರಾಗ, ತಾಳಗಳೊಡನೆ ರಚನಕಾರರ ಹೆಸರನ್ನೂ ಊರನ್ನೂ ತಿಳಿಸುವುದು, ಹಾಡುವವರು ಕೊನೆಯ ನುಡಿಯನ್ನು ಬಿಡದಿರುವುದು ಅಪೇಕ್ಷಣೀಯ. ಜೋಶಿಯವರ ಕಂಠದಲ್ಲಿ ‘ಸದಾ ಎನ್ನ ಹೃದಯದಲ್ಲಿ’ ಕೇಳುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಶ್ರೋತೃವಿಗೆ, ಅದನ್ನು ರಚಿಸಿದವರು ಮಾನ್ವಿ ಸೀಮೆಯವರೆಂಬ ಅರಿವು ಮೂಡಿದರೆ ಪದದ ಸವಿ ಕಡಿಮೆಯಾಗದು. ಬರಗಾಲ, ಬಿಸಿಲು, ಚಿನ್ನದ ಗಣಿ, ಭತ್ತದ ಗದ್ದೆಗಳಿಂದಷ್ಟೇ ಪರಿಚಿತವಾದ ಜಿಲ್ಲೆಯೊಂದು ತಮ್ಮ ಮನೆಯ ಪೂಜೆಯ ಹಾಡಿನಲ್ಲಿಯೂ ಇದೆಯೆಂಬುದು ಅವರಿಗೆ ತಿಳಿಯುತ್ತದೆ.