ಸೂರ್ಯನ ಸದ್ದು ಕೇಳುವ ಗೌರಿಬಿದನೂರು

ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಗೌರಿಬಿದನೂರಿನ ಬಳಿ, ಬಯಲಿನಲ್ಲಿ ಸಾಲುಸಾಲಾಗಿ ಆಂಟೆನಾಗಳು ನಿಂತಿವೆ. ಗುಮ್ಮಟವಿಲ್ಲ, ಮಸೂರವಿಲ್ಲ, ಆದರೂ ಇದು ದೂರದರ್ಶಕವೇ. ಇದು ಗ್ರಹಿಸುವುದು ಬೆಳಕನ್ನಲ್ಲ, ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು.

ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ ಇಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಆಂಟೆನಾಗಳ ದೊಡ್ಡ ಜಾಲವನ್ನು ನಿಲ್ಲಿಸಿದವು. ಅದರ ಪೂರ್ವ-ಪಶ್ಚಿಮ ತೋಳೇ ಸುಮಾರು 1.4 ಕಿ.ಮೀ. ಉದ್ದ. ತಾಲ್ಲೂಕು ಆಗ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. 1997ರಿಂದ ಸೂರ್ಯನಿಗೆಂದೇ ಮೀಸಲಾದ ರೇಡಿಯೊಹೀಲಿಯೊಗ್ರಾಫ್ ಇಲ್ಲಿ ಕೆಲಸ ಮಾಡುತ್ತಿದೆ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ನಡೆಯುವ ಸ್ಫೋಟಗಳನ್ನು ಅದು ಗುರುತಿಸುತ್ತದೆ.

ಈ ಸ್ಫೋಟಗಳಿಗೂ ವಿಮಾನಕ್ಕೂ ಏನು ಸಂಬಂಧ? ಸ್ಫೋಟದ ಕ್ಷ-ಕಿರಣಗಳು ಎಂಟೇ ನಿಮಿಷಗಳಲ್ಲಿ ಭೂಮಿಯನ್ನು ತಲುಪಿ, ಮೇಲಿನ ವಾತಾವರಣದ ಅಯಾನುಗೋಳವನ್ನು ಕದಡುತ್ತವೆ. ಆಗ ಸಾಗರದ ಮೇಲೆ ಹಾರುವ ವಿಮಾನಗಳು ಬಳಸುವ ಹ್ರಸ್ವತರಂಗ ರೇಡಿಯೊ ಮೂಕವಾಗಬಹುದು. ಸೂರ್ಯ ಉಗುಳಿದ ಕಾಂತೀಯ ಅನಿಲದ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಎಚ್ಚರಿಕೆ ಕೊಡಲು ಸಿಗುವ ಸಮಯ ಅಷ್ಟೇ.

ಕೆಲವೊಮ್ಮೆ ಅಷ್ಟೂ ಸಿಗುವುದಿಲ್ಲ. 2015ರ ನವೆಂಬರ್ 4ರಂದು ಸೂರ್ಯನ ರೇಡಿಯೊ ಸದ್ದು ಸ್ವೀಡನ್ನಿನ ರಾಡಾರುಗಳಿಗೇ ನುಗ್ಗಿ ಅಲ್ಲಿನ ವಿಮಾನ ಸಂಚಾರ ಅಸ್ತವ್ಯಸ್ತವಾಯಿತು. 2025ರ ನವೆಂಬರಿನಲ್ಲಿ ಏರ್‌ಬಸ್ ಕಂಪನಿಯು, ತೀವ್ರ ಸೌರ ವಿಕಿರಣದಿಂದ ವಿಮಾನ ನಿಯಂತ್ರಣದ ಕಂಪ್ಯೂಟರಿನ ಮಾಹಿತಿ ಕೆಡಬಹುದೆಂದು ಎಚ್ಚರಿಸಿತು. ಸುಮಾರು 6,000 ಎ320 ವರ್ಗದ ವಿಮಾನಗಳನ್ನು ಸರಿಪಡಿಸಬೇಕಾಯಿತು. ಇಂಡಿಗೊ, ಏರ್ ಇಂಡಿಯಾ ವಿಮಾನಗಳೂ ಅವುಗಳಲ್ಲಿದ್ದವು.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಭೂಮಿಯ ಕಾಂತೀಯ ಸಮಭಾಜಕವು ದಕ್ಷಿಣ ಭಾರತದ ತುದಿಗೆ ಹತ್ತಿರದಲ್ಲೇ ಹಾದುಹೋಗುತ್ತದೆ. ಸೂರ್ಯಾಸ್ತದ ನಂತರ ಇಲ್ಲಿನ ಅಯಾನುಗೋಳದಲ್ಲಿ ಗುಳ್ಳೆಗಳಂಥ ಪೊಳ್ಳುಗಳೆದ್ದು ಉಪಗ್ರಹ ಸಂಕೇತಗಳು ಮಿನುಗತೊಡಗುತ್ತವೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ರೂಪಿಸಿದ, ವಿಮಾನಗಳಿಗೆ ದಾರಿ ತೋರುವ ‘ಗಗನ್’ ವ್ಯವಸ್ಥೆಯು ಈ ಏರುಪೇರನ್ನು ಸದಾ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಾಡಾರಿಗೆ ಅಡ್ಡಿಯಾಗುವ ಸೂರ್ಯನ ಸದ್ದು ಗೌರಿಬಿದನೂರಿನಲ್ಲಿ ಅಧ್ಯಯನದ ವಸ್ತು. ಸೌರ ಸ್ಫೋಟವನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಅದರ ಸ್ವಭಾವವನ್ನು ತಿಳಿಯಲು ದಶಕಗಳ ದಾಖಲೆ ಬೇಕು. ದೇವನಹಳ್ಳಿಯಿಂದ ಏರುವ ವಿಮಾನದ ಪ್ರಯಾಣಿಕರಿಗೆ ಈ ಬಯಲಿನ ಋಣವೂ ಸ್ವಲ್ಪ ಇದೆ.