ಲಂಡನ್ನಿನ ವೃದ್ಧರ ಆರೈಕೆ: ಒಂದು ಚರಿತ್ರೆ ಮತ್ತು ಅದರಲ್ಲಿ ನಮ್ಮವರ ಪಾಲು

ಹೌನ್ಸ್ಲೋ ಸುತ್ತಮುತ್ತ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಿಗೆ ಐಸಲ್‌ವರ್ತ್‌ನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆ ಅಪರಿಚಿತವಲ್ಲ. ಹೆರಿಗೆಗೋ ತುರ್ತು ಚಿಕಿತ್ಸೆಗೋ ಅಲ್ಲಿಗೆ ಹೋಗಿಬಂದವರು ಹಲವರಿರಬಹುದು. ಬ್ರಿಟನ್ನಿನ ಆಧುನಿಕ ವೃದ್ಧವೈದ್ಯಶಾಸ್ತ್ರ ಬೇರುಬಿಟ್ಟದ್ದು ಅಲ್ಲಿಯೇ ಎಂಬುದನ್ನು ಬಲ್ಲವರು ಮಾತ್ರ ವಿರಳ. ಆ ಚರಿತ್ರೆಯ ಒಂದು ಎಳೆ ಕರ್ನಾಟಕದವರೆಗೂ ಚಾಚಿಕೊಂಡಿದೆ.

1935ರಲ್ಲಿ ಈ ಆಸ್ಪತ್ರೆಯು ಪಕ್ಕದಲ್ಲಿದ್ದ, ಬಡವರ ಕಾನೂನಿನ ಕಾಲದ ರುಗ್ಣಾಲಯವನ್ನು ವಶಕ್ಕೆ ತೆಗೆದುಕೊಂಡಿತು. ಅಲ್ಲಿದ್ದ 714 ರೋಗಿಗಳ ಹೊಣೆ ಡಾ. ಮಾರ್ಜರಿ ವಾರೆನ್ ಅವರ ಪಾಲಿಗೆ ಬಂದಿತು. ಗುಣವಾಗದವರೆಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಮುದುಕರೇ ಅವರಲ್ಲಿ ಬಹುಪಾಲು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಅಗತ್ಯಕ್ಕೆ ತಕ್ಕಂತೆ ವಿಂಗಡಿಸಿದರು. ಎದ್ದು ಕೂರಿಸಿದರು, ನಡೆಯುವ ಅಭ್ಯಾಸ ಮಾಡಿಸಿದರು. ಅನೇಕರು ಮನೆಗೆ ಮರಳಿದರು. ಮುಪ್ಪು ತಾನೇ ಒಂದು ರೋಗವಲ್ಲವೆಂದೂ, ವೃದ್ಧರ ಚಿಕಿತ್ಸೆ ವೈದ್ಯಕೀಯದ ಪ್ರತ್ಯೇಕ ಶಾಖೆಯಾಗಬೇಕೆಂದೂ ಅವರು 1940ರ ದಶಕದ ತಮ್ಮ ಲೇಖನಗಳಲ್ಲಿ ವಾದಿಸಿದರು. 1947ರಲ್ಲಿ ಇದಕ್ಕಾಗಿಯೇ ವೈದ್ಯರ ಸಂಘವೊಂದು ಹುಟ್ಟಿತು. 1959ರಲ್ಲಿ ಅದು ಬ್ರಿಟಿಷ್ ಜೀರಿಯಾಟ್ರಿಕ್ಸ್ ಸೊಸೈಟಿ ಎಂಬ ಹೆಸರು ತಳೆಯಿತು.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯೂ ರಾಷ್ಟ್ರೀಯ ನೆರವು ಕಾಯಿದೆಯೂ ಒಟ್ಟಿಗೆ ಜಾರಿಗೆ ಬಂದವು. ಆಸ್ಪತ್ರೆಯ ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು. ವಸತಿಯುತ ಆರೈಕೆ ಸ್ಥಳೀಯ ಕೌನ್ಸಿಲುಗಳ ಪಾಲಾಗಿ, ನಿವಾಸಿಯ ಆದಾಯಕ್ಕೆ ತಕ್ಕ ಶುಲ್ಕಕ್ಕೆ ಒಳಪಟ್ಟಿತು. ತಂದೆತಾಯಿಯರ ಆರೈಕೆಗಾಗಿ ಇಂದು ಇಂಗ್ಲೆಂಡಿನ ಕುಟುಂಬಗಳು ಎದುರಿಸುವ ಲೆಕ್ಕಾಚಾರದ ಮೂಲ ಈ ವಿಭಜನೆಯಲ್ಲಿದೆ.

ಆರೈಕೆ ಮಾಡುವ ಕೈಗಳ ಬಗೆಗಿನ ಮಹತ್ವದ ಸಂಶೋಧನೆಯೂ ಲಂಡನ್ನಿನದೇ. ಡೊರೀನ್ ನಾರ್ಟನ್ ಎಂಬ ದಾದಿ ತಮ್ಮ ಸಹೋದ್ಯೋಗಿಗಳೊಡನೆ ವೃದ್ಧರ ಶುಶ್ರೂಷೆಯನ್ನು ಕುರಿತು ನಡೆಸಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಚಲನಶಕ್ತಿ, ಮಲಮೂತ್ರ ನಿಯಂತ್ರಣ ಎಂಬ ಐದು ಅಂಶಗಳಿಗೆ ಒಟ್ಟು 20 ಅಂಕಗಳನ್ನು ನೀಡಿ, 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹಾಸಿಗೆಹುಣ್ಣಿನ ಅಪಾಯವಿದೆಯೆಂದು ಗುರುತಿಸುವ ಅಳತೆಗೋಲು ಅದರ ಫಲ. ಹುಣ್ಣನ್ನು ತಡೆಯುವಲ್ಲಿ ಲೇಪನಗಳಿಗಿಂತ ರೋಗಿಯನ್ನು ಆಗಾಗ ಮಗ್ಗುಲು ಬದಲಾಯಿಸುವುದೇ ಹೆಚ್ಚು ಪರಿಣಾಮಕಾರಿಯೆಂದು ಅಧ್ಯಯನ ತೋರಿಸಿತು. ಮಗ್ಗುಲು ಬದಲಾಯಿಸಲು ಜನ ಬೇಕು. ಸಿಬ್ಬಂದಿಯ ಸಂಖ್ಯೆ ಚಿಕಿತ್ಸೆಯದೇ ಒಂದು ಭಾಗವೆಂಬುದು ಇದರಿಂದ ಸ್ಪಷ್ಟವಾಯಿತು.

ಆ ಜನ ಬಂದದ್ದೆಲ್ಲಿಂದ? ದಾದಿಯರಲ್ಲಿ ಅನೇಕರು ಕೆರಿಬಿಯನ್ ದ್ವೀಪಗಳಿಂದಲೂ ಐರ್ಲೆಂಡಿನಿಂದಲೂ ಬಂದರು. ಹಳೆಯ ಕಟ್ಟಡಗಳು, ಕಡಿಮೆ ಪ್ರತಿಷ್ಠೆ, ಖಾಸಗಿ ಸಂಪಾದನೆಗೆ ಅವಕಾಶವಿಲ್ಲದಿರುವಿಕೆ—ಇವುಗಳಿಂದಾಗಿ ಸ್ಥಳೀಯ ವೈದ್ಯರು ವೃದ್ಧವೈದ್ಯಶಾಸ್ತ್ರದಿಂದ ದೂರ ಉಳಿದರು. ಶಸ್ತ್ರಚಿಕಿತ್ಸೆಯೋ ಹೃದ್ರೋಗವೋ ತಮ್ಮ ಕ್ಷೇತ್ರವಾಗಲೆಂದು ಬಯಸಿ ಬಂದ ದಕ್ಷಿಣ ಏಷ್ಯಾದ ವೈದ್ಯರಿಗೆ ಆ ಬಾಗಿಲುಗಳು ಸುಲಭವಾಗಿ ತೆರೆಯಲಿಲ್ಲ. ಅನೇಕರಿಗೆ ತೆರೆದದ್ದು ಇದೊಂದೇ. ಪಾರ್ವತಿ ರಘುರಾಮ್, ಜೋನ್ನಾ ಬೋರ್ನಾಟ್ ಮತ್ತು ಲಿರಾಯ್ ಹೆನ್ರಿ ಅವರು ಇಂತಹ ವೈದ್ಯರನ್ನು ಸಂದರ್ಶಿಸಿ ಈ ಕಥನವನ್ನು ದಾಖಲಿಸಿದ್ದಾರೆ. ತಾರತಮ್ಯದ ಕಹಿಯನ್ನುಂಡೂ ಅವರು ಒಂದು ಇಡೀ ವೈದ್ಯಶಾಖೆಯನ್ನು ಕಟ್ಟಿ ನಿಲ್ಲಿಸಿದರೆಂಬುದು ಅದರ ತಿರುಳು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಕಲಿತವರೂ ಆ ಪೀಳಿಗೆಯ ವಲಸೆಯಲ್ಲಿ ಸೇರಿದ್ದರು.

ಅದೇ ಕಥೆ ಬೇರೆ ರೂಪದಲ್ಲಿ ಮುಂದುವರಿದಿದೆ. 2022ರ ಫೆಬ್ರವರಿಯಲ್ಲಿ ಆರೈಕೆ ಕಾರ್ಯಕರ್ತರಿಗೆ ವೀಸಾ ಬಾಗಿಲು ತೆರೆಯಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವವರು ಕುಟುಂಬವನ್ನು ಕರೆತರುವಂತಿಲ್ಲವೆಂದಾಯಿತು. 2025ರ ಜುಲೈ 22ರಿಂದ ಹೊರದೇಶಗಳ ಹೊಸ ನೇಮಕವೇ ನಿಂತಿತು. ಇನ್ನೊಂದೆಡೆ, 2012ರ ಜುಲೈ ತಿಂಗಳಿನ ನಿಯಮಗಳಿಂದಾಗಿ, ಊರಿನಲ್ಲಿರುವ ವಯಸ್ಸಾದ ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಳ್ಳುವುದು ದುಸ್ಸಾಧ್ಯವಾಗಿದೆ. ಅವರಿಗೆ ಬೇಕಾದ ಆರೈಕೆ, ಮಕ್ಕಳು ಹಣ ಕಳುಹಿಸಿದರೂ, ಅಲ್ಲಿ ದೊರೆಯದೆಂದು ಸಿದ್ಧಪಡಿಸಬೇಕು. ಪರರ ಹಿರಿಯರನ್ನು ಜೀವಮಾನವಿಡೀ ನೋಡಿಕೊಂಡವರು ಸ್ವಂತ ತಾಯಿಯ ಯೋಗಕ್ಷೇಮವನ್ನು ದೂರವಾಣಿಯಲ್ಲಿ ವಿಚಾರಿಸಬೇಕಾದ ವಿಪರ್ಯಾಸವಿದು.

ಈಗ ಅಂದು ಬಂದ ಪೀಳಿಗೆಗೇ ಮುಪ್ಪು ಅಡರಿದೆ. 2014ರ ಆರೈಕೆ ಕಾಯಿದೆಯಂತೆ ಹಿರಿಯರ ಅಗತ್ಯಗಳನ್ನಷ್ಟೇ ಅಲ್ಲದೆ, ಅವರನ್ನು ನೋಡಿಕೊಳ್ಳುವ ಮಗಳ, ಸೊಸೆಯ, ಪತಿಯ ಅಗತ್ಯಗಳನ್ನೂ ಕೌನ್ಸಿಲ್ ಪರಿಶೀಲಿಸಬೇಕು. ಈ ಹಕ್ಕನ್ನು ಸಂಕೋಚವಿಲ್ಲದೆ ಕೇಳಿ ಪಡೆಯೋಣ. ಮರೆಗುಳಿತನ ಬಂದಾಗ ನಂತರ ಕಲಿತ ಇಂಗ್ಲಿಷ್ ಮಸುಕಾಗಿ ತಾಯ್ನುಡಿಯೇ ಉಳಿಯುವುದುಂಟು. ಆದ್ದರಿಂದ ಪರಿಶೀಲನೆಯ ಹೊತ್ತಿನಲ್ಲಿ ಹಿರಿಯರ ಮಾತೃಭಾಷೆ ಕನ್ನಡವೆಂದು ಬರೆಸುವುದು ಸಣ್ಣ ಸಂಗತಿಯಲ್ಲ. ಜೊತೆಗೆ, ನಮ್ಮ ನಡುವಿನ ನಿವೃತ್ತ ವೈದ್ಯರ, ದಾದಿಯರ ನೆನಪುಗಳನ್ನು ಅವರ ದನಿಯಲ್ಲೇ ಮುದ್ರಿಸಿಡುವ ಕೆಲಸಕ್ಕೆ ಬಳಗದ ಯುವಜನರು ಮುಂದಾಗಲಿ. ಈ ನಗರದ ವೃದ್ಧರನ್ನು ಸಲಹಿದ ಕೈಗಳಲ್ಲಿ ಕನ್ನಡದ ಕೈಗಳೂ ಇದ್ದುವೆಂಬುದನ್ನು ಮುಂದಿನವರು ಅರಿಯಲು ಆ ದನಿಗಳೇ ಆಧಾರ.